ಪಾರ್ವೇಟೆಯ ನೆರಳು

ಸಂಕ್ರಾಂತಿಯ ಮರುದಿನ ನಿಡುಗೋಟೆಯ ರಾಜಬೀದಿಯಲ್ಲಿ ಕಹಳೆಗಳು ಮೊಳಗುತ್ತಿರಲು, ಉಪ್ಪರಿಗೆಗಳಿಂದ ಹೂಮಳೆ ಸುರಿಯುತ್ತಿರಲು, ಗಡಿಯ ಯುದ್ಧದಿಂದ ಎಷ್ಟೋ ವರ್ಷ ನಿಂತಿದ್ದ ಪಾರ್ವೇಟೆ ಮತ್ತೆ ಹೊರಟಿತು. ಶ್ರೀ ನರಸಿಂಹಸ್ವಾಮಿ ಪಲ್ಲಕ್ಕಿಯೇರಿ ಕಾಡಿಗೆ ಬೇಟೆಗೆ ಹೋಗುವ ದಿನವದು. ದೇವರ ಬಿಲ್ಲು ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದವನು ಮಹಾಮಂತ್ರಿ ಸಿಂಗರಸ. ಆ ಬಿಲ್ಲಿಗಾಗಿ ಅವನು ಪಟ್ಟ ಹೊಟ್ಟೆಯುರಿ ಆ ಸ್ವಾಮಿಯೊಬ್ಬನಿಗೇ ಗೊತ್ತು.

ಹಿಂದೆ ಆ ಗೌರವ ಕಾಡಿನ ಕಾವಲಿನ ಬೈಚನಾಯಕನದು. ಮಹಾರಾಜ ರಾಚಭೂಪರು ತುಂಬಿದ ಸಭೆಯಲ್ಲಿ ನಾಯಕನನ್ನು 'ಅಣ್ಣಾ' ಎಂದು ಕರೆದಾಗಲೆಲ್ಲ ಸಿಂಗರಸನ ಬಾಯೊಳಗಿನ ತಾಂಬೂಲ ಕಹಿಯಾಗುತ್ತಿತ್ತು. "ನಾಯಕನು ಕಾಡಿನಲ್ಲಿ ಬಂಡುಕೋರರನ್ನು ಸಾಕುತ್ತಿದ್ದಾನೆ, ಪ್ರಭು" ಎಂದು ಚಾಡಿ ಹೇಳಿದ. ಮಹಾರಾಜರು ನಂಬಿದರು; ದೂರದ ಬೋಳುಗುಡ್ಡವೊಂದನ್ನು ಉಂಬಳಿಯಾಗಿ ಕೊಟ್ಟು ನಾಯಕನನ್ನು ಅಟ್ಟಿದ್ದಾಯಿತು. ಕಾವಲು ತಪ್ಪಿದ ಕಾಡಿನಲ್ಲಿ ಊರ ಮೇಲೆ ಊರು ಎದ್ದವು. ಕಮರ, ದಿಂಡಿಗದ ಮರಗಳು ಕಬ್ಬಿಣದ ಕುಲುಮೆಗಳಿಗೆ ಇದ್ದಿಲಾದವು. ಮತ್ತೆ ಚಿಗುರಿದ್ದನ್ನು ಕುರಿಹಿಂಡುಗಳು ಮೇಯ್ದವು. ತೆಳುಮಣ್ಣಿನ ಹೊಲ ಸತ್ವಗೆಟ್ಟೊಡನೆ ಒಕ್ಕಲಿನವರು ಕೊಡಲಿ ಹಿಡಿದು ಮುಂದಕ್ಕೆ ಸರಿದರು.

ಉಳುಮೆ ಕಾಣದ ನೆಲದಲ್ಲಿ, ಕಾಡುಮರದ ನೆರಳಿನಲ್ಲಿ ಅಲ್ಲದೆ ಸ್ವಾಮಿಯನ್ನು ಇಳಿಸುವಂತಿಲ್ಲ ಎಂಬುದು ಪಾರ್ವೇಟೆಯ ಕಟ್ಟಳೆ. ಬಿಸಿಲೇರಿತು. ಎತ್ತ ನೋಡಿದರೂ ಹೊಲ, ಮೋಟುಬೊಡ್ಡೆ.

"ಮಂತ್ರಿಗಳೇ, ಹೆಗಲು ಕಳಚಿ ಬೀಳ್ತಿದೆ. ಕಾಡೆಲ್ಲಿ?" ಎಂದ ಪಲ್ಲಕ್ಕಿ ಹೊತ್ತ ಬೋವಿಯೊಬ್ಬ.

"ಮುಂದಿದೆ, ನಡೆಯಿರೋ."

"ಆಗ್ಲಿಂದ ಮುಂದೇ ಇದೆಯಲ್ಲ, ಬುದ್ಧೀ!"

ಬರಿಗಾಲಿನಲ್ಲಿ ನಡೆಯುತ್ತಿದ್ದ ಮಹಾರಾಜರು ಮಂತ್ರಿಯನ್ನೊಮ್ಮೆ ನೋಡಿದರು.

ಹೊತ್ತು ಇಳಿಯುವಾಗ ಗುಡ್ಡವೊಂದರ ಮೇಲೆ ಹಸುರು ಕಂಡಿತು. ಅದು ಬೈಚನಾಯಕನ ಉಂಬಳಿ. ನೇಗಿಲು ತಾಗಿಸದೆ, ಕುರಿ ನುಗ್ಗಗೊಡದೆ, ಜೇನು ಮಾರಿ ಅರೆಹೊಟ್ಟೆ ಉಂಡು ಅವನು ಆ ಬೋಳುಗುಡ್ಡವನ್ನು ಮತ್ತೆ ಕಾಡಾಗಗೊಟ್ಟಿದ್ದ. ದಿಂಡಿಗದ ನೆರಳಿನಲ್ಲಿ ಸ್ವಾಮಿ ಇಳಿದ.

"ನೀವು ಅಟ್ಟಿದರೂ ನನ್ನೊಡೆಯ ಬೇಟೆಗೆ ಬಂದೇ ಬರುತ್ತಾನೆ, ಪ್ರಭು. ಕೂರಲು ಜಾಗ ಬೇಡವೇ?" ಎಂದ ನಾಯಕ.

ಮಹಾರಾಜರ ಕಣ್ಣು ತುಂಬಿತು. "ಅಣ್ಣಾ, ಏನು ಬೇಕೋ ಕೇಳು."

ಬಿಸಿಲಿನಲ್ಲೇ ನಿಂತಿದ್ದ ಸಿಂಗರಸ, ನಾಯಕನು ತನ್ನ ತಲೆಯನ್ನೇ ಕೇಳುವನೆಂದುಕೊಂಡ.

"ಕಾಡಿನ ಊರವರನ್ನು ಒಕ್ಕಲೆಬ್ಬಿಸಬೇಡಿ, ಮಕ್ಕಳೊಂದಿಗರು," ಎಂದ ನಾಯಕ. " ಕುಲುಮೆ ನಿಲ್ಲಿಸಿ, ಗುಡ್ಡಗಳನ್ನು ಉಳದೆ, ಮೇಯಿಸದೆ ಬೀಳುಬಿಡಿಸಿ. ಮೊದಲು ಮಂತ್ರಿಗಳಿಗೆ ನೀರು ಕೊಡಿಸಿ, ಬಹಳ ಬಳಲಿದ್ದಾರೆ."

ಆ ಒಳ್ಳೆಯತನದ ಮೇಲೂ ಸಿಂಗರಸನಿಗೆ ಅಸೂಯೆಯಾಯಿತು. ಆದರೆ ಅದನ್ನು ಕಸಿದುಕೊಳ್ಳುವ ಉಪಾಯ ಯಾವ ಮಂತ್ರಿಗೂ ಇರಲಿಲ್ಲ.

"ಬಂಡುಕೋರರು ಇರಲಿಲ್ಲ, ಪ್ರಭು. ಇದ್ದದ್ದು ನನ್ನ ಹೊಟ್ಟೆಕಿಚ್ಚು," ಎಂದು ಬಿಲ್ಲನ್ನು ನಾಯಕನ ಕೈಗಿತ್ತ.

ಕರುಣಾಳು ಸ್ವಾಮಿ ತನ್ನ ನೆರಳಿನಿಂದ ಯಾರನ್ನೂ ಅಟ್ಟಿದವನಲ್ಲ. ಬರಿಗೈಯಾದ ಸಿಂಗರಸನು ಅಂದು ಮೊದಲ ಸಲ ಆ ನೆರಳಿನೊಳಗೆ ಕಾಲಿಟ್ಟ. ನಾಯಕನೇ ಕೊಟ್ಟ ನೀರನ್ನು ಕುಡಿದ.