ಎಂಟು ಎಂ.ಬಿ. ಎಲ್ಲಿ ಹೋಯ್ತು?

“ನಲ್ವತ್ತು ಹೇಳಿದ್ದಲ್ವಾ ನೀವು? ಇಲ್ಲಿ ಮೂವತ್ತೆರಡೇ ಉಂಟಲ್ಲ! ಬಾಕಿ ಎಂಟು ಎಲ್ಲಿ ಹೋಯ್ತು ಮಾರಾಯ್ರೇ? ಲೋಕಲ್ ಟ್ರೇನಿನಲ್ಲಿ ಪಿಕ್‌ಪಾಕೆಟ್ ಆಯ್ತಾ?”

ತಮ್ಮ ಜೋಕಿಗೆ ಪೂವಪ್ಪ ಅಂಕಲ್ ತಾವೇ ಜೋರಾಗಿ ನಕ್ಕರು. ದಹಿಸರ್‌ನಲ್ಲಿ ಅವರದೊಂದು ಪುಟ್ಟ ಪ್ರೆಸ್ಸು. ಕಂಪ್ಯೂಟರ್ ಮಾರುವ ಕಂಪನಿಯಲ್ಲಿ ಕೆಲಸ ಮಾಡುವ ಜಯಸಿಂಹ, ಅಂದರೆ ಕೌಸಲ್ಯಾಳ ಅಪ್ಪ, ಅವರಿಗಾಗಿ ಇವತ್ತು ಒಂದು ಹಾರ್ಡ್ ಡಿಸ್ಕ್ ತಂದಿದ್ದ.

ಅಪ್ಪ ನಗಲಿಲ್ಲ. ಸ್ಟೂಲಿನ ಮೇಲೆ ಕೂತಿದ್ದ ಕೌಸಲ್ಯಾ, ಡಿಸ್ಕ್ ತಂದಿದ್ದ ಬ್ಯಾಗನ್ನು ಹತ್ತಿರಕ್ಕೆ ಎಳೆದುಕೊಂಡಳು.

ಡಿಸ್ಕ್ ಎಂದರೆ ಟಿಫನ್ ಡಬ್ಬಕ್ಕಿಂತ ದೊಡ್ಡದಾದ, ಬಲು ಭಾರದ ಕಬ್ಬಿಣದ ಪೆಟ್ಟಿಗೆ. ದಪ್ಪ ಕೇಬಲ್ಲಿನಿಂದ ಅದನ್ನು ಕಂಪ್ಯೂಟರಿಗೆ ಜೋಡಿಸಬೇಕು. ಎಷ್ಟು ಅಕ್ಷರ ತುಂಬಬಹುದು ಎಂದು ಅಳೆಯುವ ಸೇರು, ಪಾವು ಎಲ್ಲ ಅದಕ್ಕೆ ಎಂ.ಬಿ. ಕಂಪ್ಯೂಟರ್ ಇನ್ನೂ ಹೊಸದಾಗಿದ್ದ ಆ ಕಾಲಕ್ಕೆ ನಲವತ್ತು ಎಂ.ಬಿ. ಎಂದರೆ ಭಾರೀ ದೊಡ್ಡದು.

“ಹೆಸರು ಹಾರ್ಡು ಅಷ್ಟೇ ಕಣೇ ಕೌಸಿ, ಸ್ವಭಾವ ಹಪ್ಪಳದ್ದು. ತಾಗಿಸ್ಬಾರ್ದು,” ಎಂದು ಅಪ್ಪ ಕಾಂದಿವಲಿ ಸ್ಟೇಷನ್ನಿನಲ್ಲೇ ಹೇಳಿದ್ದ. ಆದರೂ ಅವಳು ಹಟ ಮಾಡಿ, ಡಿಸ್ಕಿನ ಬ್ಯಾಗನ್ನು ತಾನೇ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಳು.

ದಹಿಸರ್‌ನಲ್ಲಿ ಇಳಿಯುವಾಗ ಹಿಂದಿನಿಂದ ಯಾರೋ “ಚಲಾ ಚಲಾ!” ಎಂದು ಅವಸರಿಸಿ ನೂಕಿದರು. ಬ್ಯಾಗು ಬಾಗಿಲ ಕಂಬಕ್ಕೆ ಬಡಿಯಿತು. ಠಣ್!

ಅಪ್ಪ ಮುಂದೆ ಇಳಿದಾಗಿತ್ತು. ಅವನ ಬೆನ್ನು ಇವಳ ಕಡೆ ಇತ್ತು. ಕೌಸಲ್ಯಾ ತುಟಿ ಪಿಟಕ್ಕೆನ್ನಲಿಲ್ಲ.

ಈಗ ನೋಡಿದರೆ ಎಂಟು ಎಂ.ಬಿ. ಇಲ್ಲ! ಒಡೆದು ಉದುರಿಹೋಯಿತೇ? ಅವಳು ಯಾರಿಗೂ ಕಾಣದಂತೆ ಬ್ಯಾಗಿನೊಳಗೆ ಕೈ ಹಾಕಿ ತಡಕಿದಳು. ಸಿಕ್ಕಿದ್ದು ಹಳೆಯ ರೈಲು ಟಿಕೆಟ್ ಮಾತ್ರ.

ಅಪ್ಪ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದ. ಕಂಪ್ಯೂಟರನ್ನು ಆರಿಸಿ ಹಚ್ಚಿದ. ಪರದೆಯ ಮೇಲಿನ ಉದ್ದನೆಯ ಸಂಖ್ಯೆಯನ್ನು ಇನ್ನೊಮ್ಮೆ ಲೆಕ್ಕ ಹಾಕಿದ. ಮೂವತ್ತೆರಡೇ.

ಪೂವಪ್ಪ ಅಂಕಲ್ ಮುಖದಲ್ಲಿ ನಗು ಕರಗಿತು. “ತಮಾಷೆ ಅಲ್ಲ ಜಯಸಿಂಹರೇ. ಮದುವೆ ಸೀಸನ್ ಬಂತು. ದೊಡ್ಡದು ಬೇಕೂಂತ ತರಿಸಿದ್ದು ನಾನು. ಹೀಗಾದ್ರೆ ಹಿಂದೆ ತೆಕೊಂಡು ಹೋಗಿ. ನಿಮ್ಮ ಸಾಹೇಬ್ರಿಗೆ ನಾನೇ ಫೋನ್ ಮಾಡ್ತೇನೆ.”

ಅಪ್ಪನ ಸಾಹೇಬರು ಹೇಗೆ ಕಿರುಚುತ್ತಾರೆಂದು ಕೌಸಲ್ಯಾಳಿಗೆ ಗೊತ್ತಿತ್ತು. ಅಪ್ಪ ಮನೆಯಲ್ಲಿ ಅವರ ಹಾಗೆ ಮಿಮಿಕ್ರಿ ಮಾಡಿದರೆ ಅಮ್ಮ ಬಿದ್ದು ಬಿದ್ದು ನಗುತ್ತಿದ್ದಳು. ಈಗ ಅದು ನೆನಪಾಗಿ ನಗು ಬರಲಿಲ್ಲ.

ಹೇಳಿಬಿಡಬೇಕು. ಅವಳು ಬಾಯಿ ತೆರೆದಳು.

“ಬರೋವಾಗ ಟ್ರೇನ್ ಕಂಬಕ್ಕೆ ಒಂದ್ಸಲ ತಾಗಿಸ್ಬಿಟ್ಟೆ ಪೂವಪ್ಪನವರೇ,” ಎಂದ ಅಪ್ಪ. “ತಪ್ಪು ನಂದೇ. ಸ್ವಲ್ಪ ಟೈಮ್ ಕೊಡಿ, ನೋಡ್ತೀನಿ.”

ಕೌಸಲ್ಯಾ ತಿರುಗಿ ಅಪ್ಪನನ್ನೇ ನೋಡಿದಳು. ಅಪ್ಪನ ಬೆನ್ನಿಗೂ ಕಣ್ಣಿದೆಯೇ?

ಅವಳು ಸ್ಟೂಲಿನಿಂದ ಇಳಿದು ಅಪ್ಪನ ಪಕ್ಕ ನಿಂತಳು. “ಅಪ್ಪ... ತಾಗೋಕ್ ಮುಂಚೆ ಪೂರಾ ನಲವತ್ತಿತ್ತಾ? ನೀನು ನೋಡಿದ್ಯಾ?”

“ಇಲ್ಲ ಕಣೇ. ಡಬ್ಬದ ಮೇಲೆ ಬರ್ದಿತ್ತು ಅಷ್ಟೇ. ಹಚ್ಚಿ ನೋಡಿದ್ದೇ ಇಲ್ಲಿ...” ಅಪ್ಪ ಮಾತು ನಿಲ್ಲಿಸಿ ಅವಳ ಮುಖ ನೋಡಿದ. “ಹಾಗಾದ್ರೆ ತಾಗಿದ್ದಕ್ಕೇ ಹೋಯ್ತು ಅಂತ ಯಾಕ್ ಅಂದ್ಕೋಬೇಕು?”

ಅವನು ಟಕಟಕ ಏನೋ ಟೈಪ್ ಮಾಡಿದ. ಡಿಸ್ಕ್ ಹೇಗೆ ಭಾಗವಾಗಿದೆ ಎಂದು ತೋರಿಸುವ ಬೇರೆ ಪರದೆ ಬಂತು. ಅಪ್ಪ ಅದರ ಮೇಲೆ ಬೆರಳಾಡಿಸುತ್ತಾ ಓದಿದ. ಆಮೇಲೆ ಹಣೆ ಚಚ್ಚಿಕೊಂಡ.

“ಇಲ್ಲೇ ಇದೆ! ಡಿಸ್ಕ್ ಪೂರ್ತಿ ಇದೆ. ಈ ಡಾಸ್ ಇದ್ಯಲ್ಲ, ಕಂಪ್ಯೂಟರ್ ನಡೆಸೋ ಪ್ರೋಗ್ರಾಮು, ಅದು ಒಂದು ಹೆಸರಿಗೆ ಮೂವತ್ತೆರಡಕ್ಕಿಂತ ಜಾಸ್ತಿ ಕೊಡಲ್ಲ. ಸಿ ಅಂತ ಒಂದು ಭಾಗಕ್ಕೆ ಹೆಸರಿಟ್ಟೆ. ಉಳಿದಿದ್ದಕ್ಕೆ ಹೆಸರೇ ಇಟ್ಟಿಲ್ಲ. ಇಷ್ಟು ದಿನ ಬರೀ ಇಪ್ಪತ್ತರ ಡಿಸ್ಕೇ ಹಾಕಿದ್ದು ನಾನು. ಗೊತ್ತೇ ಆಗ್ಲಿಲ್ಲ!”

“ಎಂತ ಹೇಳ್ತೀರೋ ದೇವ್ರೇ,” ಎಂದು ಪೂವಪ್ಪ ಅಂಕಲ್ ತಲೆ ಕೆರೆದುಕೊಂಡರು.

“ನಮ್ಮ ಬಿಲ್ಡಿಂಗ್ ಥರ ಅಂಕಲ್!” ಎಂದಳು ಕೌಸಲ್ಯಾ. “ಎ ವಿಂಗ್‌ಗೆ ಬೋರ್ಡ್ ಇದೆ. ಬಿ ವಿಂಗ್‌ಗೆ ಬೋರ್ಡೇ ಇಲ್ಲ. ಪೋಸ್ಟ್‌ಮನ್ ‘ನಹೀ ಹೈ, ನಹೀ ಹೈ’ ಅಂತ ವಾಪಸ್ ಹೋಗ್ತಾನೆ.” ಮೂಗಿನಿಂದ ಮಾತಾಡುವ ಪೋಸ್ಟ್‌ಮನ್ ಅವಳ ಗಂಟಲಿನಿಂದ ಹಾಗೇ ಎದ್ದು ಬಂದ.

ಅಪ್ಪ ಎರಡನೆಯ ಭಾಗಕ್ಕೆ ಡಿ ಎಂದು ಹೆಸರಿಟ್ಟ. ಪೆಟ್ಟಿಗೆ ತುಂಬ ಹೊತ್ತು ಗೊರಗೊರ ಎಂದಿತು. ಕೊನೆಗೆ ಪರದೆಯ ಮೇಲೆ ಬಾಕಿ ಎಂಟೂ ಬಂದು ಕೂತವು.

ಪೂವಪ್ಪ ಅಂಕಲ್ ಬಿಸಿ ಬನ್ಸ್ ತರಿಸಿದರು. “ಡಿಸ್ಕ್ ಗಟ್ಟಿ ಉಂಟು, ನಿಮ್ಮ ಕೈಯೇ ಸಡಿಲ ಜಯಸಿಂಹರೇ! ಕೈಗೆ ಬೆಣ್ಣೆ ಹಚ್ಕೊಂಡು ಟ್ರೇನ್ ಹತ್ತಿದ್ರಾ? ಇನ್ನು ನಿಮ್ಮ ಹತ್ರ ಗಾಜಿನ ಲೋಟ ಕೊಡ್ಲಿಕ್ಕಿಲ್ಲ!”

ಅಪ್ಪ ಹೌದೆಂಬಂತೆ ತಲೆಯಾಡಿಸಿದ. ಕೌಸಲ್ಯಾ ಕಚ್ಚಿದ್ದ ಬನ್ಸನ್ನು ತಟ್ಟೆಗೆ ವಾಪಸ್ ಇಟ್ಟಳು.

“ಅಪ್ಪ ಅಲ್ಲ ಅಂಕಲ್,” ಎಂದಳು. “ತಾಗಿಸಿದ್ದು ನಾನು.”

ಪೂವಪ್ಪ ಅಂಕಲ್ ಅವಳನ್ನು ನೋಡಿದರು, ಅಪ್ಪನನ್ನು ನೋಡಿದರು. ಆಮೇಲೆ ಬನ್ಸಿನ ತಟ್ಟೆಯನ್ನು ಅವಳ ಕಡೆ ಸರಿಸಿದರು.

ಸ್ಟೇಷನ್ನಿನಲ್ಲಿ ಸಂಜೆಯ ಬಿಸಿಲು. ಲೋಕಲ್ ಇನ್ನೂ ಬಂದಿರಲಿಲ್ಲ.

“ಅಪ್ಪ, ನೀನು ಆ ಕಡೆ ತಿರುಗಿದ್ದೆ. ಠಣ್ ಅಂದಿದ್ದು ಕೇಳಿಸ್ತಾ?”

“ಯಾವ ಠಣ್? ನನಗೇನೂ ಕೇಳಿಸ್ಲಿಲ್ಲಪ್ಪ,” ಎಂದ ಅಪ್ಪ, ಹಳಿಯ ಕಡೆ ನೋಡುತ್ತಾ.

ಸುಳ್ಳು ಹೇಳುವಾಗ ಅಪ್ಪನ ಕಿವಿ ಕೆಂಪಾಗುತ್ತದೆ. ಈಗಲೂ ಚೆನ್ನಾಗಿಯೇ ಕೆಂಪಾಗಿತ್ತು.

ಬಿಸಿಲಿಗೆ ಇರಬೇಕು, ಎಂದುಕೊಂಡು ಕೌಸಲ್ಯಾ ಅದನ್ನು ಅಲ್ಲಿಗೇ ಬಿಟ್ಟಳು. ಅವನಿಗೆ ಒತ್ತಿಕೊಂಡು ನಿಂತಳು.