ಔಷಧಿ ಇಲ್ಲದ ಸಾಲು

"ಅಜ್ಜೀ, ಆ ಸಾಲು ಮುಟ್ಟಬೇಡ ಅಂದಿದ್ದೆ ಅಲ್ವಾ?"

ಸ್ಕೂಲ್ ಬ್ಯಾಗ್ ಕೂಡ ಇಳಿಸದೆ ಚೂಟಿ ತಾರಸಿಯ ಬಾಗಿಲಲ್ಲೇ ನಿಂತುಬಿಟ್ಟಳು. ಅಜ್ಜಿ ಕೊನೆಯ ಸ್ಟ್ರಾಬೆರಿ ಕುಂಡದ ಎಲೆಗಳನ್ನು ಸೋಪಿನ ನೀರಿನಲ್ಲಿ ಒರೆಸುತ್ತಿದ್ದಳು, ಮಗುವಿನ ಮೂಗು ಒರೆಸುವ ಹಾಗೆ.

"ಮೈತುಂಬ ಹೇನು ಕಣೇ. ನಿಮ್ಮತ್ತೆ ಆಚೆ ಸಾಲಿಗೆ ಮಾತ್ರ ಔಷಧಿ ಹೊಡೆದಿದ್ದಾಳೆ. ಇವೇನು ಮಲಮಕ್ಕಳಾ?"

ಚೂಟಿಗೆ ಅಳು ಬಂತು. ಗಿಡದ ಹೇನುಗಳನ್ನು ಔಷಧಿ ಎಷ್ಟು ದಿನ ದೂರ ಇಡುತ್ತದೆ ಎಂದು ಕಂಡುಹಿಡಿಯುವುದು ಅತ್ತೆಯ ಕೆಲಸ. ಅದಕ್ಕೇ ಒಂದು ಸಾಲಿಗೆ ಔಷಧಿ, ಇನ್ನೊಂದಕ್ಕೆ ಏನೂ ಇಲ್ಲ. ಅತ್ತೆ ಆಫೀಸಿಗೆ ಹೋದಾಗ ಕಾವಲು ಚೂಟಿಯದು.

"ಈ ಸಾಲಲ್ಲಿ ಹೇನು ಇರಲೇಬೇಕು ಅಜ್ಜಿ. ಇಲ್ಲದಿದ್ರೆ, ಅಲ್ಲಿ ಹೇನು ಬರದೇ ಇರೋದು ಔಷಧಿಯಿಂದಾನಾ, ಇಲ್ಲ ಊರಲ್ಲೇ ಹೇನಿಲ್ವಾ ಅಂತ ಹೇಗೆ ಗೊತ್ತಾಗುತ್ತೆ?"

ಅಜ್ಜಿಯ ಕೈಯ ಬಟ್ಟೆ ಬಕೆಟ್ಟಿಗೆ ಬಿತ್ತು.

"ಅಯ್ಯೋ, ಮೊದಲೇ ಹೇಳಬಾರದಾ?"

"ಮೂರು ಸಲ ಹೇಳಿದ್ದೆ."

"ನನಗೆ ನಾಲ್ಕನೇ ಸಲಕ್ಕೇ ಕೇಳಿಸೋದು."

ಇಬ್ಬರೂ ಭೂತಗನ್ನಡಿ ಹಿಡಿದು ಎಲೆ ಎಲೆ ತಿರುವಿದರು. ಪಕ್ಕದ ತಾರಸಿಯಿಂದ ಟೈಲರ್ ಮಾಮ ಇಣುಕಿದ.

"ಏನು ಕಳೆದುಹೋಯ್ತು?"

"ಹೇನು," ಎಂದಳು ಅಜ್ಜಿ.

ಟೈಲರ್ ಮಾಮ ತಲೆ ಕೆರೆದುಕೊಳ್ಳುತ್ತ ಒಳಗೆ ಹೋದ.

ಕೊನೆಗೆ, ಮಡಚಿಕೊಂಡಿದ್ದ ಎಳೆ ಎಲೆಯೊಳಗೆ ಒಂದು ಸಿಕ್ಕಿತು. ಹಸಿರು, ಗುಂಡು, ಎಳ್ಳಿಗಿಂತ ಸಣ್ಣದು.

"ಜೋರಾಗಿ ಉಸಿರು ಬಿಡಬೇಡ, ಬಿದ್ದುಹೋದೀತು," ಅಜ್ಜಿ ಪಿಸುಗುಟ್ಟಿದಳು.

ಸಂಜೆ ಅತ್ತೆ ಬಂದಾಗ ಚೂಟಿಯೇ ಎಲ್ಲ ಹೇಳಿದಳು. ಅತ್ತೆ ಹಣೆ ಒತ್ತಿಕೊಂಡು, ಭೂತಗನ್ನಡಿ ಹಿಡಿದು ಆ ಎಲೆಯತ್ತ ಬಗ್ಗಿದಳು.

"ಒಂದಿದೆ ತಾನೆ? ಸಾಕು. ಅದಕ್ಕೆ ಗಂಡೂ ಬೇಡ, ಮೊಟ್ಟೆನೂ ಬೇಡ. ನೇರವಾಗಿ ಮರಿ ಹಾಕುತ್ತೆ."

"ಹಾಗಾದ್ರೆ ಬಾಣಂತನ ನನ್ನದು," ಎಂದಳು ಅಜ್ಜಿ.

ಮಾರನೇ ದಿನ ಬಿಸಿಲೆಂದು ಕುಂಡಕ್ಕೆ ಕೊಡೆ ಹಿಡಿಯಲು ಹೋಗಿ ಚೂಟಿಯಿಂದ ಬೈಸಿಕೊಂಡಳು.

ಕೆಲವೇ ದಿನಗಳಲ್ಲಿ ಆ ಸಾಲಿನ ಎಲೆಗಳು ಮತ್ತೆ ಮುದುಡಿ ಅಂಟಂಟಾದವು. ಔಷಧಿ ಕಂಡ ಸಾಲು ಮಾತ್ರ ಕೆಂಪು ಹಣ್ಣು ಬಿಟ್ಟುಕೊಂಡು ಮೆರೆಯುತ್ತಿತ್ತು. ಚೂಟಿ ದಿನವೂ ಮೊದಲು ನೀರು ಹಾಕುತ್ತಿದ್ದದ್ದೂ ಆ ಹಣ್ಣಿನ ಸಾಲಿಗೇ.

ಒಂದು ಬೆಳಿಗ್ಗೆ ಆ ಚೆಂದದ ಸಾಲಿನ ಎಲೆಯಡಿ ಒಂದು ಹೇನು ಆರಾಮಾಗಿ ಕೂತಿತ್ತು. ಮರುದಿನ ಅದರ ಮರಿಗಳೂ ಇದ್ದವು.

"ಔಷಧಿಯ ಆಟ ಇಷ್ಟೇ ದಿನ," ಅತ್ತೆಯ ಮುಖ ಅರಳಿತು. "ಇನ್ನು ಎಷ್ಟು ದಿನಕ್ಕೊಮ್ಮೆ ಹೊಡೀಬೇಕು ಅಂತ ತೋಟದವರಿಗೆ ಧೈರ್ಯವಾಗಿ ಹೇಳಬಹುದು."

ಅಜ್ಜಿಯ ಕೈ ತಾನಾಗಿ ಒದ್ದೆ ಬಟ್ಟೆಯತ್ತ ಹೋಯಿತು. ಚೂಟಿಯ ಮುಖ ನೋಡಿದವಳೇ ಅದರಿಂದ ಕನ್ನಡಕ ಒರೆಸಿಕೊಂಡಳು.

ಚೂಟಿ ಮುದುಡಿದ ಸಾಲನ್ನೇ ನೋಡುತ್ತ ನಿಂತಳು. ಅದರಲ್ಲಿ ತಿನ್ನುವಂಥ ಹಣ್ಣು ಒಂದೂ ಇರಲಿಲ್ಲ. ಆಮೇಲೆ ನೀರಿನ ಕ್ಯಾನ್ ಎತ್ತಿಕೊಂಡು, ಅಂದು ಮೊದಲು ಅದಕ್ಕೇ ಹಾಕಿದಳು.