ಲಾರಿಯ ಹಾಸಿಗೆ

ಗೌತಮಿ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಪೆಟ್ಟಿಗೆಯೊಳಗೆ ಇಣುಕಿದಳು. ಆಮೆಯ ಮೂಗಿನ ತುದಿಯಲ್ಲಿ ಒಂದು ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು.

"ಅಜ್ಜೀ, ಲಾರಿಗೆ ನೆಗಡಿ ಆಗೈತಿ."

"ಆಮಿಗೆಲ್ಲಿ ನೆಗಡಿಯವ್ವ? ಹೋಂವರ್ಕ್ ಮಾಡ್ಕೊ ಹೋಗು," ಎಂದಳು ಈರಮ್ಮಜ್ಜಿ, ಅಕ್ಕಿ ಹಸನು ಮಾಡುತ್ತಾ.

ಲಾರಿ ಎನ್ನುವುದು ಆಮೆಯ ಹೆಸರು. ಕುರುಗೋಡು ಗುಡ್ಡದ ಹತ್ತಿರ ಅದು ರಸ್ತೆ ದಾಟುತ್ತಿತ್ತು. ಅಪ್ಪ ಹುಲುಗೇಶ್ ಅದನ್ನು ಲಾರಿಯ ಚಕ್ರದಿಂದ ತಪ್ಪಿಸಿ, ಟವೆಲ್ಲಿನಲ್ಲಿ ಸುತ್ತಿ ಕುಡತಿನಿಯ ಮನೆಗೆ ತಂದಿದ್ದ. ಚಿಪ್ಪಿನ ತುಂಬ ಹಳದಿ ಗೆರೆಯ ನಕ್ಷತ್ರಗಳು. ಹೆಸರು ಲಾರಿ ಆದರೂ ಓಟ ಮಾತ್ರ ಪಂಕ್ಚರ್ ಆದ ಸೈಕಲ್ಲಿನದು.

ಹಣ್ಣಿನ ಪೆಟ್ಟಿಗೆಯ ಬರೀ ಹಲಗೆಯ ಮೇಲೆ ಅದರ ಕಾಲು ಜಾರುತ್ತಿತ್ತು. ಏನಾದರೂ ಹಾಸಬೇಕಿತ್ತು. ಮೊದಲು ಗೌತಮಿ, ಸಿರಿಗೇರಿಯ ಅತ್ತೆ ಕಳಿಸಿದ್ದ ಭತ್ತದ ಹೊಟ್ಟು ಹಾಕಿದಳು. ಸೌತೆಕಾಯಿ ಚೂರು ಹೊಟ್ಟಿನೊಳಗೆ ಸೇರಿ ಕೊಳೆಯಿತು. ಇರುವೆಗಳಿಗೆ ಹಬ್ಬ. ಕೆಂಪಿರುವೆಗಳು ಲಾರಿಯ ಕಣ್ಣಿನ ಹತ್ತಿರ ಹರಿದಾಡುವುದನ್ನು ಕಂಡು ಗೌತಮಿ ಅತ್ತೇಬಿಟ್ಟಳು.

ಆಗ ದಾರಿ ತೋರಿಸಿದ್ದು ಅಜ್ಜಿ. "ಬೂದಿ ಹಾಕು. ತೊಗರಿಗೆ ಬೂದಿ ಹಚ್ಚಿಟ್ರ ಹುಳ ಹತ್ತಂಗಿಲ್ಲ. ಇರುವಿನೂ ಬರಂಗಿಲ್ಲ."

ಮನೆಯಲ್ಲಿರುವುದು ಗ್ಯಾಸ್ ಒಲೆ, ಬೂದಿ ಎಲ್ಲಿಂದ ಬರಬೇಕು? ಆದರೆ ಅಪ್ಪ ಕೆಲಸ ಮಾಡುವುದೇ ಬೂದಿಯಲ್ಲಿ ಇಟ್ಟಿಗೆ ಮಾಡುವ ಕಡೆ. ಕರೆಂಟಿಗಾಗಿ ಕಲ್ಲಿದ್ದಲು ಉರಿಸಿದಾಗ ಉಳಿಯುವ ಬೂದಿ ಅದು. ಮಗಳು ಕೇಳಿದ್ದೇ ತಡ, ಒಂದು ಚೀಲ ಹೊತ್ತು ತಂದ. ಮುಖಕ್ಕೆ ಹಚ್ಚುವ ಪೌಡರಿನಷ್ಟು ಮೆತ್ತಗಿತ್ತು. ಗೌತಮಿ ಅಂಗೈ ಮುಳುಗುವಷ್ಟು ಹಾಸಿದಳು. ಇರುವೆ ಒಂದೂ ಬರಲಿಲ್ಲ. ಅಜ್ಜಿ ಇಲ್ಲದ ಮೀಸೆ ತಿರುವಿದಳು.

ಈಗ ನೋಡಿದರೆ ಈ ಗುಳ್ಳೆ. ಲಾರಿ ಸೌತೆಕಾಯಿ ಮುಟ್ಟುತ್ತಿಲ್ಲ. ಕಣ್ಣು ಊದಿ ಮುಚ್ಚಿಕೊಂಡಿವೆ. ಬಾಯಿ ತೆರೆದು ಉಸಿರೆಳೆದಾಗ ಒಳಗಿಂದ ಸಣ್ಣಗೆ ಸಿಳ್ಳೆಯ ಸದ್ದು. ಈ ಸದ್ದು ಎಲ್ಲೋ ಕೇಳಿದ್ದೇನೆ ಅನ್ನಿಸಿತು ಗೌತಮಿಗೆ. ಎಲ್ಲಿ ಎಂದು ಹೊಳೆಯಲಿಲ್ಲ.

ಆ ಸದ್ದು ಅಜ್ಜಿಗೂ ಕೇಳಿಸಿತು. ಮೊರ ಕೆಳಗಿಟ್ಟಳು. "ನಡಿಯವ್ವ, ದನದ ದವಾಖಾನಿಗೆ ಹೋಗೋಣು."

ಸ್ಕೂಲ್ ಬ್ಯಾಗಿನಲ್ಲಿ ಲಾರಿಯನ್ನು ಕೂರಿಸಿಕೊಂಡು ಇಬ್ಬರೂ ಬಳ್ಳಾರಿ ಬಸ್ಸು ಹತ್ತಿದರು.

ಡಾಕ್ಟರ್ ದಾಕ್ಷಾಯಣಿ ಒದ್ದೆ ಹತ್ತಿಯಿಂದ ಲಾರಿಯ ಮೂಗು ಒರೆಸಿದರು. ಹತ್ತಿ ಬೂದು ಬಣ್ಣಕ್ಕೆ ತಿರುಗಿತು.

"ಏನು ಹಾಸಿದ್ದಿ ಇದಕ್ಕ?"

"ಬೂದಿ ರೀ. ಮೆತ್ತಗಿರ್ತೈತಿ ಅಂತ."

"ಒಲಿ ಬೂದಿನಾ?"

"ಅಲ್ರಿ. ನಮ್ಮಪ್ಪ ಇಟ್ಟಂಗಿ ಮಾಡೋ ಬೂದಿ."

ಡಾಕ್ಟರ್ ಲಾರಿಯನ್ನು ಕಿವಿಯ ಹತ್ತಿರ ಹಿಡಿದು ಅದರ ಉಸಿರು ಆಲಿಸಿದರು. "ಉಸಿರಿನ ಜೊತಿ ಒಳಗ ಹೋಗಿ ಎದಿಯಾಗ ಕುಂತೈತಿ ಪುಟ್ಟಿ. ಇದಕ್ಕ ಗುಡ್ಡದ ಮಣ್ಣು ಬೇಕು, ಹುಲ್ಲು ಬೇಕು."

"ಮಣ್ಣು ಹಾಕ್ತೀನ್ರಿ. ಇವತ್ತೇ ಹಾಕ್ತೀನಿ."

"ಇದನ್ನ ಮನ್ಯಾಗ ಸಾಕಾಕ ಕಾನೂನು ಬಿಡಂಗಿಲ್ಲ. ಫಾರೆಸ್ಟ್‌ನವರಿಗೆ ಫೋನ್ ಮಾಡ್ತೀನಿ. ಅವರು ಒಯ್ತಾರ."

"ಆರಾಮ ಆಗ್ತೈತೇನ್ರಿ?"

"ಔಷಧ ಕೊಡ್ತೀನಿ. ಆದ್ರ ನಿನಗ ಸುಳ್ಳು ಹೇಳಂಗಿಲ್ಲ. ಕಷ್ಟ ಐತಿ."

"ಒಳಗ ಹೋಗಿದ್ದು ಹೊರಗ ಬರಂಗಿಲ್ಲೇನ್ರಿ?"

ಡಾಕ್ಟರ್ ಇಲ್ಲ ಎಂದು ತಲೆಯಾಡಿಸಿದರು.

ಲಾರಿಯನ್ನು ದವಾಖಾನೆಯಲ್ಲೇ ಬಿಟ್ಟು ಮರಳುವಾಗ ಬಸ್ಸಿನಲ್ಲಿ ಖಾಲಿ ಬ್ಯಾಗು ತೊಡೆಯ ಮೇಲಿತ್ತು. ಗೌತಮಿ ದಾರಿಯುದ್ದಕ್ಕೂ ಅತ್ತಳು. "ಕಾಳಿಗೆ ಹಚ್ಚೋ ಬೂದಿನ ಬ್ಯಾರೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ," ಎಂದು ಅಜ್ಜಿ ತನ್ನನ್ನೇ ಬೈದುಕೊಂಡಳು. ಅದರಿಂದ ಯಾರಿಗೂ ಸಮಾಧಾನವಾಗಲಿಲ್ಲ.

ಸಂಜೆ ಅಪ್ಪ ಬಂದಾಗ ಗೌತಮಿ ಖಾಲಿ ಪೆಟ್ಟಿಗೆಯ ಮುಂದೆ ಕೂತಿದ್ದಳು. ಅಪ್ಪನ ಕೂದಲು, ಹುಬ್ಬು, ಕಿವಿಯ ಸಂದಿ, ಎಲ್ಲ ಎಂದಿನಂತೆ ಬೂದಿ. ದಿನಾ ನೋಡುವ ಮುಖವೇ ಅದು.

"ಲಾರಿ ಎಲ್ಲೈತಿ?"

ಅಜ್ಜಿಯೇ ಎಲ್ಲ ಹೇಳಿದಳು. ಅಪ್ಪ ಮೆಟ್ಟಿಲ ಮೇಲೆ ಕೂತ. ಏನೋ ಹೇಳಹೋದ, ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಮುಗಿಸಿ ಉಸಿರೆಳೆದುಕೊಂಡ. ಎದೆಯೊಳಗಿಂದ ಸಣ್ಣಗೆ ಸಿಳ್ಳೆಯ ಸದ್ದು ಬಂತು.

ಗೌತಮಿ ತಲೆಯೆತ್ತಿ ಅಪ್ಪನನ್ನೇ ನೋಡಿದಳು.

"ಅಪ್ಪಾ, ನಾಳಿನೂ ಕೆಲಸಕ್ಕ ಹೋಗ್ತಿಯೇನು?"

"ಹೋಗ್ಲಾರದ ಏನು ಮಾಡ್ಲಿ?" ಅಪ್ಪ ನಕ್ಕ. ನಗು ಅರ್ಧಕ್ಕೇ ಕೆಮ್ಮಾಯಿತು.

ಅವಳು ಒಳಗೆ ಹೋಗಿ ಟವೆಲ್ ಒದ್ದೆ ಮಾಡಿ ತಂದಳು. ಡಾಕ್ಟರ್ ಒರೆಸಿದಂತೆಯೇ ಮೆಲ್ಲಗೆ ಅಪ್ಪನ ಮೂಗು ಒರೆಸಿದಳು. ಟವೆಲ್ ಬೂದು ಬಣ್ಣಕ್ಕೆ ತಿರುಗಿತು. ಹಿಂಡಿ ಮತ್ತೆ ಒರೆಸಿದಳು.

"ಸಾಕು ಬಿಡವ್ವ, ಎಲ್ಲ ಹೋತು," ಎಂದ ಅಪ್ಪ.

ಗೌತಮಿ ಬಿಡಲಿಲ್ಲ. ಟವೆಲ್ ಹಿಂಡಿ ಇನ್ನೊಮ್ಮೆ ಒರೆಸಿದಳು.